ಕಡಿಮೆಯಾದ ಐದು ನಿಮಿಷ

ಚಪಳಗಾಂವ, ಗುರುವಾರ

ಶೈಲಶ್ರೀ ಮೇಡಮ್ ಅವರಿಗೆ ಕಾಂಚನಳ ನಮಸ್ಕಾರ.

ನಮ್ಮೂರ ಬಾವಿಗಳ ಮೇಲೆ ನೀವು ಮಾಡಿದ ಸಾಕ್ಷ್ಯಚಿತ್ರ ಈ ರವಿವಾರ ಸೋಲಾಪುರದ ಥಿಯೇಟರಿನಲ್ಲಿದೆ ಎಂದು ತಿಳಿಯಿತು. ಹೋದ ತಿಂಗಳು ಲ್ಯಾಪ್‌ಟಾಪಿನಲ್ಲಿ ನಮಗೆ ತೋರಿಸಿದಾಗ ಅದು ಐವತ್ತೆರಡು ನಿಮಿಷವಿತ್ತು. ಪೋಸ್ಟರಿನಲ್ಲಿ ನಲವತ್ತೇಳು ಎಂದಿದೆ. ನಮ್ಮ ಅವ್ವ ಮಲಕಮ್ಮ ಅದರಲ್ಲಿ ಮಾತಾಡಿದ್ದು ಐದೇ ನಿಮಿಷ.

“ಪಾಟೀಲರ ಹೊಲದಾಗ ಮೂವತ್ತು ವರ್ಷ ದುಡದೀನ್ರಿ. ಅವರ ಬಾವಿಗಿ ನಾ ಒಮ್ಮಿನೂ ಕೊಡ ಇಳಿಸಿಲ್ಲ. ಅವರು ಮ್ಯಾಲಿಂದ ಸುರೀತಿದ್ರು, ನಾ ಕೆಳಗ ಹಿಡೀತಿದ್ದೆ” ಎಂದಿದ್ದಳು. ನಿಮಗೆ ನೆನಪಿರಬೇಕು.

ಆ ಕಲ್ಲಣ್ಣ ಪಾಟೀಲರೇ ಈಗ ಚಿತ್ರ ನೋಡಲು ಊರಿಗೆಲ್ಲ ಟೆಂಪೊ ಮಾಡಿಸಿದ್ದಾರೆ. ಎಂದೂ ನಮ್ಮ ಓಣಿಗೆ ಬಾರದವರು ನಿನ್ನೆ ಬಾಗಿಲಿಗೆ ಬಂದು, “ಮಲಕವ್ವ, ಮುಂದಿನ ಸಾಲಿನ್ಯಾಗ ನೀನ ಕೂಡಬೇಕು ನೋಡು” ಅಂದರು. ನಾನು ಚಹಾ ಕೊಟ್ಟೆ. ಉಪವಾಸ ಎಂದು ಮುಟ್ಟಲಿಲ್ಲ. ಉಪವಾಸಕ್ಕೆ ಚಹಾ ನಡೆಯುತ್ತದೆ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಬೈಲಾಟದಲ್ಲಿ ಪಾತ್ರ ಕಿತ್ತುಕೊಂಡು, ಅದೇ ಆಟ ನೋಡಲು ಕರೆದ ಹಾಗಿತ್ತು ಅವರ ಕರೆ.

ನೀವು ಕತ್ತರಿಸಿದ್ದೀರೋ, ಯಾರಾದರೂ ಕತ್ತರಿಸಲು ಹೇಳಿದರೋ, ನಾನು ಕೇಳುವುದಿಲ್ಲ. ಒಂದು ಕೆಲಸ ಮಾಡಿರಿ. ಚಿತ್ರ ಮುಗಿದ ಕೂಡಲೇ ದೀಪ ಹಾಕಿಸಿ, ಮುಂದಿನ ಸಾಲಿಗೆ ಮೈಕ್ ಕಳಿಸಿರಿ. ಪಾಟೀಲರು ಹೇಳಿದಂತೆ ಅವ್ವ ಅಲ್ಲೇ ಕೂತಿರುತ್ತಾಳೆ.

ಐದು ನಿಮಿಷ ಸಾಕು. ಅವಳು ಒಂದು ಮಾತನ್ನೂ ಮರೆತಿಲ್ಲ.

ಇಂತಿ,
ಮಲಕಮ್ಮನ ಮಗಳು ಕಾಂಚನ