ರಾಘವನ ಫೋನಿನಲ್ಲಿ ನಮ್ಮ ಮನೆಯ ಕರೆಂಟು

ಜೂನ್ 9, ಸೋಮವಾರ

ಬೆಳಿಗ್ಗೆಯೇ ಉದ್ದು ನೆನೆಹಾಕಿದ್ದೆ. ಮಧ್ಯಾಹ್ನ ನನ್ನ ಜೊತೆ ಕೆಲಸ ಮಾಡುವ ಇಬ್ಬರೂ ಬಂದರು. ದೊಡ್ಡ ಗ್ರೈಂಡರ್ ಚಲುವಮ್ಮ ನೋಡಿಕೊಂಡಳು, ಚಿಕ್ಕದು ಪರ್ವೀನ್. ನಾನು ಪ್ಯಾಕಿಂಗ್‌ಗೆ ಕೂತೆ. ಪಾಂಡವಪುರದ ಅಂಗಡಿಯವರು ಇನ್ನಷ್ಟು ದೋಸೆ ಹಿಟ್ಟು ಕಳಿಸಿ ಎಂದಿದ್ದಾರೆ. ಖುಷಿಯೂ ಹೌದು, ಭಯವೂ ಹೌದು.

ಆಗ ಪೋಸ್ಟ್ ಬಂತು. ಕರೆಂಟ್ ಕಂಪನಿಯದು. ಮೇಲೆ ಅಪ್ಪನ ಹೆಸರು, ಶ್ರೀ ರಾಮಸ್ವಾಮಿಯವರಿಗೆ. ತಾವು ಸಲ್ಲಿಸಿದ ಅರ್ಜಿಯನ್ನು ಅಂಗೀಕರಿಸಲಾಗಿದೆ, ತಮ್ಮ ಮನೆಗೆ ಪ್ರೀಪೇಯ್ಡ್ ಮೀಟರ್ ಅಳವಡಿಸಲಾಗುವುದು. ಮೊಬೈಲಿಗೆ ಹಾಕಿಸಿದ ಹಾಗೆ ಮೊದಲೇ ದುಡ್ಡು ಹಾಕಬೇಕಂತೆ. ಮುಗಿದರೆ ಕರೆಂಟು ತಾನಾಗಿ ಹೋಗುತ್ತದಂತೆ.

ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. "ಅವರು ಹೋಗಿ ಮೂರು ವರ್ಷ ಆಯ್ತಲ್ಲೇ. ಅರ್ಜಿ ಯಾವಾಗ ಹಾಕಿದ್ರು?"

ನಗು ಬಂತು. ಆಮೇಲೆ ನಿಂತುಹೋಯಿತು. ಅಪ್ಪನ ಹೆಸರಲ್ಲಿ ಸಹಿ ಹಾಕಿದವರು ಯಾರು? ಮೋಸದ ಕಾಗದವೇ? ಈಗ ಎಲ್ಲದಕ್ಕೂ ಹೆದರಬೇಕು...

ಜೂನ್ 11, ಬುಧವಾರ

ಮೀಟರ್ ರೀಡಿಂಗ್‌ಗೆ ಬಂದ ಚಿಕ್ಕಸ್ವಾಮಿಗೆ ಕಾಗದ ತೋರಿಸಿದೆ.

"ಮೋಸ ಅಲ್ಲ ಕಣಕ್ಕ, ನಮ್ ಆಪೀಸಿಂದೇ ಇದು. ಯಾರೋ ಆನ್‌ಲೈನಲ್ಲಿ ಅರ್ಜಿ ಆಕ್ಬುಟ್ಟವ್ರೆ. ಕೆಳಗೆ ಫೋನ್ ನಂಬರೂ ಅದೆ, ನೋಡಿ."

ಕಾಗದದ ಅಡಿಯಲ್ಲಿ ಸಣ್ಣ ಅಕ್ಷರ. ನೋಡಿದ ಕೂಡಲೇ ಗುರುತಾಯಿತು. ರಾಘವನ ನಂಬರು. ನನ್ನ ತಮ್ಮ. ಕೆ.ಆರ್. ಪೇಟೆಯ ಸೊಸೈಟಿ ಆಫೀಸಿನಲ್ಲಿ ಕೆಲಸ, ಹೆಂಡತಿ ಮಕ್ಕಳ ಜೊತೆ ಅಲ್ಲೇ ಸಂಸಾರ.

ಫೋನ್ ಮಾಡಿದೆ. ಅಳುಕೇ ಇಲ್ಲ. "ನಾನೇ ಹಾಕಿದ್ದು ಅಕ್ಕಾ. ಬಿಲ್ಲು ಗಿಲ್ಲು ಅಂತ ನೀವಿಬ್ರೂ ಅಲೀಬೇಡಿ. ಇಲ್ಲಿಂದಲೇ ರೀಚಾರ್ಜ್ ಮಾಡ್ತೀನಿ. ಎಲ್ಲಾ ನನ್ನ ಫೋನಲ್ಲೇ ಇರತ್ತೆ."

"ಒಂದು ಮಾತು ಕೇಳಬಾರ್ದಿತ್ತಾ?"

"ಒಳ್ಳೇದು ಮಾಡೋಕೂ ಕೇಳ್ಬೇಕಾ?"

ಅಮ್ಮನಿಗೆ ಸಂತೋಷ. ಮಗ ಜವಾಬ್ದಾರಿ ತೆಗೆದುಕೊಂಡನಲ್ಲ ಎಂದು. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಮದುವೆ ಮುರಿದುಕೊಂಡು ತವರಿಗೆ ವಾಪಸು ಬಂದವಳು ನಾನು. ಮೀಟರ್ ಹೇಗಿರಬೇಕೆಂದು ಹೇಳುವ ಹಕ್ಕು ನನಗೆ ಎಷ್ಟಿದೆ?

ಅವನಿಗೆ ಗೊತ್ತಿರುವುದು ಇಷ್ಟೇ — ಅಕ್ಕ ಅಕ್ಕಪಕ್ಕದವರಿಗೆ ಸ್ವಲ್ಪ ಹಿಟ್ಟು ಮಾಡಿಕೊಡುತ್ತಾಳೆ. ಚಲುವಮ್ಮ, ಪರ್ವೀನ್ ನಮ್ಮ ಅಡುಗೆಮನೆಯೊಳಗೆ ಕೆಲಸ ಮಾಡುವುದು ಗೊತ್ತಿಲ್ಲ. ನಾನು ಹೇಳಿಲ್ಲ. ಹೇಳಿದರೆ ಏನಾಗುತ್ತದೆಂದು ಗೊತ್ತು.

ಜೂನ್ 26, ಗುರುವಾರ

ಮೀಟರ್ ಕೂತಿತು. ಹೋದ ವಾರವೇ ಎರಡನೆಯ ಕಾಗದ ಬಂದಿತ್ತು, ಇಂಥ ದಿನ ಬರುತ್ತೇವೆಂದು. ರಾಘವ ರಜೆ ಹಾಕಿ ಬಂದ. ಅವನು ಬರುತ್ತಾನೆಂದು ನಿನ್ನೆಯೇ ಇಬ್ಬರಿಗೂ ನಾಳೆ ಬೇಡ ಎಂದಿದ್ದೆ.

ಚಲುವಮ್ಮ ನಕ್ಕಳು. "ಯಾಕಕ್ಕಾ, ನಾವು ಬಂದ್ರೆ ಮೀಟ್ರು ಕೆಟ್ಟೋಯ್ತದಾ?"

ಪರ್ವೀನ್ ನಗಲಿಲ್ಲ. ಚೀಲ ತೆಗೆದುಕೊಂಡು ಹೋದಳು. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ. ಒಬ್ಬಳೇ ಕೂತು ಹಿಟ್ಟು ಕಟ್ಟುವಾಗ ನನ್ನ ಮುಖ ನನಗೇ ಬೇಡವಾಗಿತ್ತು.

ರಾಘವ ದೋಸೆ ತಿಂದ. ಚೆನ್ನಾಗಿದೆ ಅಂದ. ಫೋನ್ ತೆಗೆದು ಅಮ್ಮನಿಗೆ ತೋರಿಸಿದ. "ನೋಡಮ್ಮ, ಯಾವ ಗಂಟೇಲಿ ಎಷ್ಟು ಕರೆಂಟು ಹೋಗತ್ತೆ ಅಂತ ಕೂತಲ್ಲೇ ಕಾಣತ್ತೆ." ಕಂಬ ಕಂಬದ ಹಾಗೆ ಚಿತ್ರ. ಅಮ್ಮ ತಲೆಯಾಡಿಸಿದಳು. ಗ್ರೈಂಡರ್ ಓಡುವ ಹೊತ್ತೂ ಅದರಲ್ಲಿ ಕಾಣುತ್ತದೆ.

ಜುಲೈ 8, ಮಂಗಳವಾರ

ಫೋನ್. "ಅಕ್ಕಾ, ಮಧ್ಯಾಹ್ನದ ಹೊತ್ತು ಏನ್ ನಡೀತಿದೆ ಅಲ್ಲಿ?"

"ಏನು ನಡೀತಿದೆ ಅಂದ್ರೆ?"

"ದಿನಾ ಊಟ ಆದ್ಮೇಲೆ ಕರೆಂಟು ಏರತ್ತೆ. ಸಂಜೆವರೆಗೂ."

ಇಸ್ತ್ರಿ ಎಂದೆ. ಎಂಥ ಪೆದ್ದು ಸುಳ್ಳು!

"ಇಬ್ರು ಇರೋ ಮನೇಲಿ ಅಷ್ಟೊತ್ತು ಇಸ್ತ್ರಿನಾ?"

ಫೋನ್ ಇಟ್ಟಮೇಲೂ ಯಾರೋ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಫ್ಯಾನ್ ಹಾಕುವಾಗಲೂ ಕೈ ತಡೆಯಿತು. ಈ ವಯಸ್ಸಿಗೆ, ನನ್ನ ಮನೆಯಲ್ಲಿ...

ಜುಲೈ 9, ಬುಧವಾರ

ಬಂದುಬಿಟ್ಟ. ಹೇಳದೆ ಕೇಳದೆ.

ಬಾಗಿಲು ತೆಗೆದೇ ಇತ್ತು. ನೇರ ಅಡುಗೆಮನೆಗೆ. ಪರ್ವೀನ್ ಮೊಣಕೈವರೆಗೆ ಹಿಟ್ಟಿನಲ್ಲಿದ್ದಳು. ಚಲುವಮ್ಮ ಅಕ್ಕಿ ತೊಳೆಯುತ್ತಿದ್ದಳು. ರಾಘವ ಹೊಸಿಲಲ್ಲೇ ನಿಂತ. ಮುಖ ಕೆಂಪು.

"ಅಪ್ಪ ಮಡಿಯಲ್ಲಿ ಊಟ ಮಾಡ್ತಿದ್ದ ಅಡುಗೆಮನೆ ಇದು. ಯಾರ್‍ಯಾರನ್ನೋ ತಂದು..."

"ಯಾರ್‍ಯಾರೋ ಅಲ್ಲ ಕಣೋ. ಇವಳು ಪರ್ವೀನ್. ಇವಳು ಚಲುವಮ್ಮ."

"ಹೆಸರು ಕೇಳಿದ್ನಾ ನಾನು?"

ಪರ್ವೀನ್ ಕೈ ತೊಳೆದುಕೊಂಡಳು. "ನಾವು ಬರ್ತೀವಿ ಅಪ್ಪೂ." ನನ್ನನ್ನು ಅಪರ್ಣ ಎನ್ನುವುದೇ ಇಲ್ಲ, ಅಪ್ಪೂ ಎನ್ನುತ್ತಾಳೆ. ಚಲುವಮ್ಮ ಮಾತ್ರ ಅಲುಗಲಿಲ್ಲ. "ಅಕ್ಕಿ ಅರ್ಧ ತೊಳ್ದಿವ್ನಿ, ಮುಗಿಸ್ಬುಟ್ಟು ಓಯ್ತೀನಿ" ಎಂದು ಮುಗಿಸಿಯೇ ಎದ್ದಳು.

ರಾಘವ ಅಮ್ಮನ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

ಅಮ್ಮ ಏನೂ ಹೇಳಲಿಲ್ಲ. ಗೋಡೆ ನೋಡುತ್ತಾ ಕೂತಳು. ಮೊದಲ ದಿನದಿಂದ ಎಲ್ಲ ಗೊತ್ತಿದ್ದವಳು. ಪರ್ವೀನ್‌ಗೆ ಹದ ಹೇಳಿಕೊಟ್ಟವಳೇ ಅವಳು.

ಅವನ ಮಾತಿಗಿಂತ ಆ ಮೌನ ಹೆಚ್ಚು ನೋಯಿಸಿತು.

ಜುಲೈ 12, ಶನಿವಾರ

ಬೆಳಿಗ್ಗೆಯೇ ಕರೆಂಟು ಹೋಯಿತು. ಬೀದಿಯಲ್ಲೆಲ್ಲ ಇದೆ, ನಮ್ಮಲ್ಲಿ ಮಾತ್ರ ಇಲ್ಲ. ಬ್ಯಾಲೆನ್ಸ್ ಮುಗಿದಿದೆ. ಮೆಸೇಜ್ ಹೋಗುವುದು ಅವನ ಫೋನಿಗೆ. ನಾನು ದುಡ್ಡು ಹಾಕೋಣವೆಂದರೆ ಪಾಸ್‌ವರ್ಡ್ ಅವನ ಹತ್ತಿರ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅವನ ಹೆಂಡತಿ ಎತ್ತಿ, ಅವರು ಫೋನ್ ಮನೇಲೇ ಬಿಟ್ಟು ನಾಗಮಂಗಲಕ್ಕೆ ಹೋಗಿದಾರೆ ಅತ್ತಿಗೆ ಅಂದಳು.

ಫ್ರಿಜ್ಜಿನಲ್ಲಿದ್ದ ಹಿಟ್ಟೆಲ್ಲ ಉಬ್ಬಿತು. ಪ್ಯಾಕೆಟ್ಟುಗಳು ಒಡೆದವು. ಹುಳಿ ವಾಸನೆ ಮನೆ ತುಂಬ. ಬಕೆಟ್ಟಿಗೆ ಸುರಿದು ಹಿತ್ತಿಲಿಗೆ ಹೊತ್ತೆ. ಪಾಂಡವಪುರದವರಿಗೆ ಫೋನ್ ಮಾಡಿ ಇವತ್ತು ಹಿಟ್ಟು ಇಲ್ಲ ಎಂದೆ. ಅವರು, ಹಾಗಾದರೆ ಬೇರೆ ಕಡೆ ನೋಡ್ತೀವಿ ಎಂದರು.

ಸಂಜೆ ಕರೆಂಟು ಬಂತು. ಹಿಂದೆಯೇ ರಾಘವನ ಫೋನ್. "ಬ್ಯಾಲೆನ್ಸ್ ನೋಡ್ಲಿಲ್ಲ ಅಕ್ಕಾ. ಮರೆತೇಬಿಟ್ಟೆ."

ನಿಜವಿರಬಹುದು. ಚಿಕ್ಕಂದಿನಲ್ಲಿ ಸುಳ್ಳು ಹೇಳಿದರೆ ಅವನ ಧ್ವನಿಯಲ್ಲೇ ತಿಳಿಯುತ್ತಿತ್ತು. ಈಗ ತಿಳಿಯುವುದಿಲ್ಲ.

ಅಮ್ಮ ಹಿತ್ತಿಲಿಗೆ ಬಂದು ಬಕೆಟ್ಟು ನೋಡಿದಳು. ಆಮೇಲೆ, "ಸೋಮವಾರ ಆಟೋ ಹೇಳು" ಎಂದಳು.

"ಎಲ್ಲಿಗೆ?"

"ಕರೆಂಟ್ ಆಫೀಸಿಗೆ."

ಜುಲೈ 14, ಸೋಮವಾರ

ಅಮ್ಮ ಇಳಕಲ್ ಸೀರೆ ಉಟ್ಟಳು. ಮದುವೆಗೆ ಹೊರಟವಳ ಹಾಗೆ. ಅಪ್ಪನ ಮರಣ ಪ್ರಮಾಣಪತ್ರ, ಮನೆಯ ಕಂದಾಯದ ರಸೀದಿ, ಎಲ್ಲ ಕೈಚೀಲದಲ್ಲಿ.

ಆಫೀಸರು ಚಿಕ್ಕ ವಯಸ್ಸಿನವರು. ಕುರ್ಚಿ ಹಾಕಿಸಿದರು. ಅಮ್ಮ ಹೇಳಿದಳು: "ಮೀಟರು ನನ್ನ ಯಜಮಾನರ ಹೆಸರಲ್ಲಿದೆ. ಅವರಿಲ್ಲ. ನೀವು ಅವರಿಗೇ ಕಾಗದ ಬರೀತಿದೀರಿ. ನನ್ನ ಹೆಸರಿಗೆ ಮಾಡಿಕೊಡಿ. ಫೋನ್ ನಂಬರು ಇವಳದು ಹಾಕಿ."

"ಈಗಿರೋದು ಮಗನ ನಂಬರಲ್ವಾಮ್ಮ?"

"ಮಗ ಕೆ.ಆರ್. ಪೇಟೇಲಿದಾನೆ. ಕತ್ತಲಾದ್ರೆ ಕೂರೋದು ನಾವು."

ಹಿಟ್ಟಿನ ವಿಷಯ ನಾನೇ ಹೇಳಿದೆ. ಅಡಗಿಸಿ ಅಡಗಿಸಿ ಸಾಕಾಗಿತ್ತು. ವ್ಯಾಪಾರಕ್ಕೆ ಬೇರೆ ಕನೆಕ್ಷನ್ ತಗೊಳ್ಳಿ, ತೊಂದರೆಯಿಲ್ಲ ಎಂದರು. ಅರ್ಜಿ ಕೊಟ್ಟೆ. ಅದು ನನ್ನ ಹೆಸರಲ್ಲಿ.

ಆಟೋದಲ್ಲಿ ಕೇಳಿಯೇಬಿಟ್ಟೆ. ಅವತ್ತು ರಾಘವ ಕೇಳಿದಾಗ ನೀನು ಯಾಕೆ ಸುಮ್ಮನಿದ್ದೆ?

"ಹೆದರಿದೆ ಕಣೇ" ಎಂದಳು. ನನ್ನ ಕೈ ಹಿಡಿದುಕೊಂಡಳು.

ಜುಲೈ 18, ಶುಕ್ರವಾರ

ನಂಬರು ಬದಲಾಯಿತು. ರಾಘವನಿಗೆ ಮೆಸೇಜ್ ಹೋಗಿರಬೇಕು. ಅಮ್ಮನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದಳು.

"ಆ ಅಡುಗೆಮನೇಲಿ ಅಪ್ಪನ ತಿಥಿ ಮಾಡಲ್ಲಮ್ಮ. ಪಶ್ಚಿಮವಾಹಿನಿಯಲ್ಲಿ, ಹೊಳೆ ದಡದಲ್ಲೇ ಮಾಡ್ತೀನಿ. ನೀನು ಅಲ್ಲಿಗೇ ಬಾ."

"ಮೀಟರ್ ಹಾಕೋಕೆ ಬಂದ ದಿನ ದೋಸೆ ತಿಂದೆಯಲ್ಲ ರಾಘವಾ. ಆ ಹಿಟ್ಟು ಪರ್ವೀನ್ ರುಬ್ಬಿದ್ದು. ನಿಂಗೇನಾಯ್ತು?"

ಫೋನ್ ಕಟ್ಟಾಯಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದ ಹಾಗೇನೂ ಅನ್ನಿಸಲಿಲ್ಲ ನಮಗೆ.

ರಾಘವ ಬಂದುಹೋದ ಮೇಲೆ ಪರ್ವೀನ್ ಬಂದಿರಲಿಲ್ಲ, ಅವಳ ಮನೆಗೆ ಹೋಗಿ ಕರೆದೆ. ಹೊಸಿಲಲ್ಲೇ ನಿಲ್ಲಿಸಿ ಕೇಳಿದಳು, "ಮತ್ತೆ ಯಾರಾದ್ರೂ ಬಂದ್ರೆ ನಾಳೆ ಬೇಡ ಅಂತೀಯಾ?"

ಇಲ್ಲ ಎಂದೆ. ನಂಬಿದಳೋ ಇಲ್ಲವೋ. ಬರುತ್ತೇನೆ ಎಂದಳು.

ಜುಲೈ 30, ಬುಧವಾರ. ಮಧ್ಯಾಹ್ನ

ಅಪ್ಪನ ತಿಥಿ. ಹದಿನೆಂಟರಿಂದ ರಾಘವನ ಸುದ್ದಿಯಿಲ್ಲ. ಬೆಳಿಗ್ಗೆ ನದಿಯ ಹತ್ತಿರ ಒಬ್ಬನೇ ಮಾಡಿಸಿದನಂತೆ, ಪುರೋಹಿತರು ಹೇಳಿಕಳಿಸಿದರು. ಅಮ್ಮ ಹೋಗಲಿಲ್ಲ. "ನಿಮ್ಮಪ್ಪ ಉಂಡಿದ್ದು ಇಲ್ಲೇ" ಎಂದು ತಾನೇ ಸ್ನಾನ ಮಾಡಿ ಅಡುಗೆಗೆ ನಿಂತಳು. ಚಲುವಮ್ಮ, ಪರ್ವೀನ್‌ಗೆ ಊಟಕ್ಕೆ ಹೇಳು ಎಂದದ್ದೂ ಅವಳೇ.

ಎಲೆ ಹಾಕುವ ಹೊತ್ತಿಗೆ ಹೊರಗೆ ಬೈಕ್ ನಿಂತಿತು. ರಾಘವ. ಕೂದಲು ಇನ್ನೂ ಒದ್ದೆ. ಒಳಗೆ ಬರಲಿಲ್ಲ. ಜಗಲಿಯ ಮೇಲೆ ಕೂತ.

"ಅಮ್ಮ ಊಟ ಮಾಡಿದ್ಲಾ?"

"ಇನ್ನೂ ಇಲ್ಲ. ನೀನು?"

ಉಪವಾಸವೇ ಇದ್ದಾನೆ, ತುಟಿ ಒಣಗಿದೆ. ಅಮ್ಮ ಬಾಗಿಲಿಗೆ ಬಂದು, "ಕೈಕಾಲು ತೊಳ್ಕೊ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಒಳಗೆ ಇಬ್ಬರೂ ಇರುವುದು ಅವನಿಗೆ ಕಾಣುತ್ತಿದೆ. ಏಳಲಿಲ್ಲ. ಹೋಗಲೂ ಇಲ್ಲ.

ನಾನು ಕೋಣೆಗೆ ಬಂದು ಇದನ್ನು ಗೀಚುತ್ತಿದ್ದೇನೆ. ಅಲ್ಲಿ ನಿಲ್ಲಲಾಗಲಿಲ್ಲ. ಅಮ್ಮ ಯಾರಿಗೂ ಬಡಿಸಿಲ್ಲ, ಪಲ್ಯದ ಪಾತ್ರೆ ಹಿಡಿದು ಕಾಯುತ್ತಿದ್ದಾಳೆ. ಚಲುವಮ್ಮ ಮೆಲ್ಲಗೆ ಏನೋ ಹೇಳುತ್ತಿದ್ದಾಳೆ.

ಹೊರಗಿನ ನಲ್ಲಿ ಬಿಟ್ಟ ಸದ್ದು. ಪರ್ವೀನ್ ಇರಬೇಕು, ಕೈ ತೊಳೆಯಲು...

ಇಲ್ಲ. ಪರ್ವೀನ್ ಇಲ್ಲೇ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದಾಳೆ. ಹಾಗಾದರೆ ಹೊರಗೆ ಕೈಕಾಲು ತೊಳೆಯುತ್ತಿರುವುದು —