ಎರಡು ರಾತಲು ಕಡಿಮೆ

೧೪-೨-೧೯೫೮

ಅಣ್ಣನಿಗೆ ನಮಸ್ಕಾರ.

ಬೆಟ್ಟದ ಮೇಲಿನ ಈ ವೀಕ್ಷಣಾಲಯಕ್ಕೆ ಬಂದು ಮೂರು ದಿನವಾಯಿತು. ನಕ್ಷತ್ರದ ಬೆಳಕು ಅಳೆಯುವ ನನ್ನ ಪೆಟ್ಟಿಗೆಯನ್ನು ದೂರದರ್ಶಕಕ್ಕೆ ಜೋಡಿಸಲು ಇನ್ನೂ ಬಿಟ್ಟಿಲ್ಲ. ಹೊರಗಿನವರು ತರುವ ಉಪಕರಣದ ತೂಕವನ್ನು ಮೊದಲೇ ಬರೆದು ಕಳಿಸಬೇಕು. ಅದಕ್ಕೆ ಸರಿಯಾಗಿ ದೂರದರ್ಶಕದ ಇನ್ನೊಂದು ತುದಿಗೆ ಸಮತೂಕದ ಸೀಸ ಕಟ್ಟಿರುತ್ತಾರೆ. ಅರ್ಧ ರಾತಲು ವ್ಯತ್ಯಾಸವಾದರೂ ಒಪ್ಪುವುದಿಲ್ಲ. ಶಿಕಾರಿಪುರದ ನಮ್ಮ ಅಂಗಡಿಯಲ್ಲೇ ತೂಗಿ ನಲವತ್ತು ಎಂದು ಬರೆದಿದ್ದೆ. ಇಲ್ಲಿ ಮೂವತ್ತೆಂಟು ಬಂತು. ನಿಮ್ಮ ತಕ್ಕಡಿಯೇ ಸರಿಯಿಲ್ಲ ಎಂದು ಇಲ್ಲಿಯವರೊಡನೆ ಜಗಳವಾಡಿದೆ. ಸರ್ಕಾರಿ ಮುದ್ರೆಯ ಕಲ್ಲಿಟ್ಟು ಮೂರು ಸಲ ತೂಗಿ ತೋರಿಸಿದರು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಉಣ್ಣೆ ಟೋಪಿ ಕಳಿಸು.

ಪೆಟ್ಟಿಗೆ ದಾರಿಯಲ್ಲಿ ಕರಗುವುದಿಲ್ಲ ಅಣ್ಣ. ಅಪ್ಪನ ಕಾಲದ ನಮ್ಮ ತೂಕದ ಕಲ್ಲುಗಳೇ ಹಗುರ. ತಾವಾಗಿ ಸವೆದವೋ, ಯಾರಾದರೂ ಸವೆಸಿದರೋ ತಿಳಿಯದು. ಈ ಕಾರ್ಡನ್ನು ಅಂಚೆಯವನೂ ಓದುತ್ತಾನೆ, ಓದಲಿ. ಅವುಗಳನ್ನು ಇನ್ನು ತಕ್ಕಡಿಗೆ ಹಾಕಬೇಡ.

ತಾಳಗುಂದದ ನೀಲಾಂಬಿಕಜ್ಜಿ, "ನಿಮ್ಮಂಗಡಿ ಬೆಲ್ಲ ಮನಿ ಮುಟ್ಟೋದ್ರಾಗ ಕರಗತೈತಲ್ರೀ" ಅಂದಾಗಲೆಲ್ಲ ನಾವಿಬ್ಬರೂ ನಗುತ್ತಿದ್ದೆವು. ಈ ಸಂತೆಗೆ ಅವರು ಬಂದರೆ ನಗಬೇಡ.

ಸದಾಶಿವ