ಪೋಸ್ಟ್‌ಮ್ಯಾನ್ ಮಗಳ ನಡಿಗೆ

ಅಪ್ಪಾ,

ಈಗಷ್ಟೇ ಆಸ್ಪತ್ರೆಯಿಂದ ಬಂದೆ, ಇನ್ನೂ ಚಪ್ಪಲಿ ಕೂಡ ಬಿಟ್ಟಿಲ್ಲ. ನೀನು ಹೋಗಿ ಮೂರು ವರ್ಷವಾದರೂ ಇದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ನಿನ್ನ ಬಿಪಿ ನನಗೂ ಬಂತಪ್ಪ. ಹೋದ ವರ್ಷ ಡಾಕ್ಟರಮ್ಮ ರಕ್ತನಾಳದ ಪರೀಕ್ಷೆ ಅಂತ ಕೈಗೂ ಕಾಲಿಗೂ ಬಿಪಿ ಪಟ್ಟಿ ಸುತ್ತಿ ನೋಡಿ, "ಬಿಪಿ ಇದೆ, ಅದರ ಮೇಲೆ ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂತಿರ್ತೀಯ. ರಕ್ತನಾಳ ಗಡುಸಾಗಿದೆ. ಮಾತ್ರೆ ಬಿಡಬೇಡ, ಜೊತೆಗೆ ದಿನಾ ಬಿರುಸಾಗಿ ನಡಿ" ಅಂದಿದ್ದರು. ಅವತ್ತಿಂದ ಒಂದು ದಿನವೂ ತಪ್ಪಿಸಿಲ್ಲ.

ಇವತ್ತು ಮತ್ತೆ ಪಟ್ಟಿ ಸುತ್ತಿದರು. ಫಲಿತಾಂಶವನ್ನು ಎರಡೆರಡು ಸಲ ನೋಡಿದರು.

"ಪರವಾಗಿಲ್ವೇ! ರಕ್ತನಾಳ ಮೆತ್ತಗಾಗಿದೆ, ಬಿಪಿಯೂ ಇಳಿದಿದೆ. ನಿಜವಾಗ್ಲೂ ನಡೆದಿದ್ದೀಯ!"

"ನಡೀದೆ ಇರ್ತೀನಾ ಡಾಕ್ಟ್ರೇ? ನಾನು ಪೋಸ್ಟ್‌ಮ್ಯಾನ್ ಮಗಳು!" ಅಂತ ಕೂಗಿಯೇಬಿಟ್ಟೆ. ಹೊರಗೆ ಕೂತವರೆಲ್ಲ ನಕ್ಕರು. ಮನೆವರೆಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ ನೋಡು!

ರಿಟೈರಾದ ಮೇಲೂ ನೀನು ದಿನಾ ಚೀಲ ಹಿಡಿದು ತರಕಾರಿಗೆ ನಡೆದೇ ಹೊರಡುತ್ತಿದ್ದೆ. "ಬಿಪಿ ಇದೆ, ಸುಮ್ಮನೆ ಕೂತ್ಕೋಪ್ಪ" ಅಂತ ಚೀಲ ಕಿತ್ತುಕೊಳ್ಳುತ್ತಿದ್ದವಳು ನಾನೇ.

ಮಗಳ ಮಾತು ಅಂತ ನೀನು ಕೂತೆ.